ಗೋವಿಂದ ಎಂದರೆ ಎಡಕ್ಕೆ

೧೭ ಏಪ್ರಿಲ್ ೧೯೮೩, ಭಾನುವಾರ
ಯಲಹಂಕ

ಈ ಡೈರಿ ಖಾದರ್ ಬಾಷಾ ಸಾಹೇಬರು ಕೊಟ್ಟಿದ್ದು. ಅವರ ಟೂರಿಸ್ಟ್ ವ್ಯಾನನ್ನು ನಮ್ಮ ಯಜಮಾನರು ಓಡಿಸುತ್ತಾರೆ. ಪ್ರತಿ ವರ್ಷ ಒಂದು ಡೈರಿ ಮನೆಗೆ ಬರುತ್ತದೆ, ಇವರು ಬರೆಯುವುದಿಲ್ಲ, ನಾನು ಹಾಳೆ ಹರಿದು ಸಾರಿನ ಪುಡಿ ಕಟ್ಟುತ್ತೇನೆ. ಈ ವರ್ಷ ಹರಿಯಲಿಲ್ಲ. ಯಾರಿಗೂ ಹೇಳಲಾಗದ ಒಂದು ವಿಷಯ ಮನೆಯೊಳಗೆ ಬಂದು ಕೂತಿದೆ. ಬಾಯಲ್ಲಿ ಆಡಿದರೆ ಆಣೆ ಮುರಿಯುತ್ತದೆ. ಬರೆದರೆ ಮುರಿಯುವುದಿಲ್ಲ ಎಂದುಕೊಂಡಿದ್ದೇನೆ. ಊರ ಸ್ಕೂಲಿನಲ್ಲಿ ಆರನೇ ಕ್ಲಾಸು ಓದಿದವಳಿಗೆ ಧರ್ಮ ಇಷ್ಟೇ ತಿಳಿಯುವುದು.

ಯುಗಾದಿಯ ದಿನ ಇವರಿಗೆ ಬೇವು ಬೆಲ್ಲ ಕೊಡಲು ಹೋದೆ. ಇವರು ಅಂಗೈ ಒಡ್ಡಿದ್ದು ನನ್ನ ಕೈಯಿಂದ ಒಂದು ಗೇಣು ಆಚೆಗೆ. ಬೇವು ಬೆಲ್ಲ ನೆಲಕ್ಕೆ ಬಿತ್ತು. ಬಗ್ಗಿ ತಡಕಾಡಿದರು, ಅದೂ ಬೇರೆ ಕಡೆ.

"ಎಷ್ಟು ದಿನದಿಂದ?" ಎಂದೆ.

"ದೀಪಾವಳಿಯಿಂದ. ಕಣ್ಮುಂದೆ ಒಗೆ ನಿಂತಂಗೆ ಐತೆ. ಬಿಸ್ಲು ಎದುರ್ಗೆ ಬಂದ್ರೆ ಬರೀ ಬಿಳುಪು."

"ಡಾಕ್ಟರಿಗೆ ತೋರಿಸೋಣ."

"ತೋರ್ಸಿದ್ರೆ ಪೊರೆ ಅಂತಾರೆ, ಕತ್ತರಿಸ್ತಾರೆ. ನಮ್ಮಣ್ಣಂಗೆ ಕತ್ತರಿಸಿ ಏನಾಯ್ತು, ನೋಡ್ಲಿಲ್ವಾ? ಇದ್ದಿದ್ದೂ ಓಯ್ತು. ಇಪ್ಪತ್ತಾರು ವರ್ಷದಿಂದ ನಂಗೆ ಗೊತ್ತಿರೋದು ಸ್ಟೇರಿಂಗ್ ಒಂದೇ ಕಣೆ. ಯಾರ್ಗೂ ಯೋಳಲ್ಲ ಅಂತ ಆಣೆ ಮಾಡು."

ದೇವರ ದೀಪದ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಆಮೇಲೆ ಇವರು ಸಾಹೇಬರ ಹತ್ತಿರ ಹೋಗಿ, ಇನ್ನು ಮೇಲೆ ನಮ್ಮನೆಯವಳೂ ವ್ಯಾನಿನಲ್ಲಿ ಬಂದು ಪ್ರಯಾಣಿಕರಿಗೆ ಅಡಿಗೆ ಮಾಡುತ್ತಾಳೆ ಎಂದು ಹೇಳಿ ಬಂದರು. ಸಾಹೇಬರಿಗೆ ಖುಷಿ. ರಜಕ್ಕೆ ಸುತ್ತಲು ಹೋಗುವವರಿಗೆ ಮನೆ ಊಟ ಸಿಕ್ಕರೆ ಇನ್ನೇನು ಬೇಕು?

ನಾನು ಹೋಗುವುದು ಅಡಿಗೆಗಲ್ಲ.

೧೮ ಏಪ್ರಿಲ್, ಸೋಮವಾರ

ಬೆಳಗಿನಿಂದ ಅಭ್ಯಾಸ. ಇವರು ಮಣೆಯ ಮೇಲೆ ಕೂತು ಊಟದ ತಟ್ಟೆಯನ್ನು ಸ್ಟೇರಿಂಗಿನ ಹಾಗೆ ಹಿಡಿದುಕೊಂಡರು. ನಾನು ಪಕ್ಕದಲ್ಲಿ ಕೂತು ರಸ್ತೆ ಹೇಳಬೇಕು. ಎಡಕ್ಕೆ, ಬಲಕ್ಕೆ ಎಂದೆ.

"ಅಂಗಂದ್ರೆ ಇಂದೆ ಕೂತೋರು ಸುಮ್ನಿರ್ತಾರಾ? ಗಂಡಂಗೆ ದಾರಿ ತೋರ್ಸೋ ಎಂಡ್ರುನ ಯಾರಾದ್ರೂ ನೋಡವ್ರಾ? ನಿನ್ ದೇವ್ರ ನಾಮ ಯೋಳು. ಅದುನ್ನ ಯಾರೂ ಕೇಳಲ್ಲ."

ಗೋವಿಂದ ಎಂದರೆ ಎಡಕ್ಕೆ ತಿರುವು. ನಾರಾಯಣ ಎಂದರೆ ಬಲಕ್ಕೆ. ನರಸಿಂಹ ಎಂದರೆ ಎದುರಿಗೆ ಏನೋ ಬರುತ್ತಿದೆ, ನಿಧಾನ. ನಾನು ಸುಮ್ಮನಿದ್ದರೆ ರಸ್ತೆ ನೇರವಾಗಿದೆ ಎಂದು ಅರ್ಥ.

ತಟ್ಟೆ ತಿರುಗಿತು, ನಿಂತಿತು. ಇವರಿಗೆ ನಗು ಬಂತು. ಬಹಳ ದಿನದ ಮೇಲೆ ನಕ್ಕರು. ನಾನು ದೇವರ ಕಡೆ ನೋಡಲಿಲ್ಲ.

೨೦ ಏಪ್ರಿಲ್, ಬುಧವಾರ
ಉಡುಪಿ

ಬಂದು ಮುಟ್ಟಿದೆವು. ಹನ್ನೊಂದು ಜನ, ಅದರಲ್ಲಿ ಐದು ಮಕ್ಕಳು. ಗೊರಗುಂಟೆಪಾಳ್ಯ ದಾಟುವವರೆಗೆ ನಾನು ನಾಮ ನಿಲ್ಲಿಸಲಿಲ್ಲ. ಬಯಲು ದಾರಿಯಲ್ಲಿ ಇವರಿಗೆ ನಾನು ಹೆಚ್ಚು ಬೇಕಿಲ್ಲ, ರಸ್ತೆ ಕೈಗೇ ಗೊತ್ತು. ಸಕಲೇಶಪುರದ ಆಚೆ ಶಿರಾಡಿ ಘಾಟಿ ಶುರುವಾದಾಗ ಬಿಸಿಲು ಎದುರಿಗೆ ಬಂತು. ಅಲ್ಲಿಂದ ಕೆಳಗಿಳಿಯುವವರೆಗೆ ಉಸಿರಿಗೊಂದು ನಾಮ. ಮರ ನೋಡಲಿಲ್ಲ, ಹೊಳೆ ನೋಡಲಿಲ್ಲ. "ಅಬ್ಬಾ, ಎಷ್ಟು ಚೆನ್ನಾಗಿದೆ" ಎಂದು ಹಿಂದೆ ಎಲ್ಲರೂ ಕೂಗುತ್ತಿದ್ದರು. ನನಗೆ ಕಂಡಿದ್ದು ಟಾರು ಮತ್ತು ಲಾರಿಗಳ ಮೂತಿ.

ಜಯಸಿಂಹ ಎಂಬ ಬ್ಯಾಂಕಿನವರು ಕುಟುಂಬದೊಂದಿಗೆ ಬಂದಿದ್ದಾರೆ, ಕುತ್ತಿಗೆಯಲ್ಲಿ ಕ್ಯಾಮೆರಾ. ಬಾಯಿ ಸುಮ್ಮನಿರುವುದಿಲ್ಲ.

"ಏನ್ ಗುರು, ಗಾಡೀನ ನೀನು ಓಡಿಸ್ತೀಯ, ನಿನ್ನ ನಿಮ್ಮನೆಯವ್ರು ಓಡಿಸ್ತಾರಾ?" ಎಂದು ಇವರ ಭುಜ ತಟ್ಟಿದರು.

ವ್ಯಾನೆಲ್ಲ ನಕ್ಕಿತು. ಇವರೂ ನಕ್ಕರು. ನನ್ನ ಕಾಲ ಬಳಿ ಪುಳಿಯೋಗರೆಯ ಡಬರಿ ಇತ್ತು, ಅದರ ಮುಚ್ಚಳವನ್ನು ಗಟ್ಟಿಯಾಗಿ ಒತ್ತಿ ಹಿಡಿದುಕೊಂಡೆ.

ದೀಪ ಹಚ್ಚುವ ಹೊತ್ತಿಗೆ ವ್ಯಾನು ಎಲ್ಲಿದ್ದರೂ ನಿಲ್ಲಬೇಕೆಂದು ಇವರು ಹೊರಡುವಾಗಲೇ ಎಲ್ಲರಿಗೂ ಹೇಳಿದ್ದರು. "ನಮ್ಮೋಳ್ದು ಸಂಜೆ ದೀಪದ ನೇಮ" ಎಂದರು. ಅದೂ ನನ್ನ ತಲೆಗೇ. ಮುಸ್ಸಂಜೆಯಲ್ಲಿ ಇವರಿಗೆ ಏನೂ ಕಾಣುವುದಿಲ್ಲ.

೨೧ ಏಪ್ರಿಲ್, ಗುರುವಾರ

ಮರವಂತೆ ನೋಡಲು ಹೋಗಿದ್ದೆವು. ಅಲ್ಲಿ ರಸ್ತೆಯ ಎಡಕ್ಕೆ ಸಮುದ್ರ, ಬಲಕ್ಕೆ ಹೊಳೆ, ನಡುವೆ ವ್ಯಾನು ಹೋಗುವಷ್ಟು ನೆಲ. ರಸ್ತೆ ಗೆರೆ ಎಳೆದ ಹಾಗೆ ನೇರ. ನಾನು ಸುಮ್ಮನಾದೆ. ಈ ಪ್ರಯಾಣದಲ್ಲಿ ಮೊದಲ ಸಲ ನನಗೆ ಬಿಡುವು ಸಿಕ್ಕಿತು. ತಲೆ ತಿರುಗಿಸಿ ನೋಡಿದೆ.

ಐವತ್ತು ವರ್ಷದವಳು ಸಮುದ್ರ ನೋಡಿರಲಿಲ್ಲ. ಅದು ಅಷ್ಟೊಂದು ಇರುತ್ತದೆ ಎಂದು ಯಾರೂ ಹೇಳಿರಲಿಲ್ಲ. ಇವರು ಇಪ್ಪತ್ತಾರು ವರ್ಷ ಅದರ ಪಕ್ಕದಲ್ಲೇ ಓಡಾಡಿ ಮನೆಗೆ ಬಂದು "ಅಲ್ಲಿ ಮೀನು ವಾಸ್ನೆ" ಎಂದಷ್ಟೇ ಹೇಳುತ್ತಿದ್ದರು.

ಎಷ್ಟು ಹೊತ್ತು ನೋಡಿದೆನೋ. ತಲೆ ತಿರುಗಿಸಿದಾಗ ಮುಂದೆ ಬುಟ್ಟಿ ಹೊತ್ತ ಹೆಂಗಸು ರಸ್ತೆಯ ನಡುವೆ ಬಂದಿದ್ದಳು. ನರಸಿಂಹ ಎಂದು ಕಿರುಚಿದೆ. ಬ್ರೇಕ್ ಬಿತ್ತು. ಬುಟ್ಟಿ ಬಿತ್ತು. ಅವಳು ಬೀಳಲಿಲ್ಲ. ಅವಳು ಬೈದ ಬೈಗುಳ ನನಗೆ ಪೂರ್ತಿ ತಿಳಿಯಲಿಲ್ಲ, ತಿಳಿದಷ್ಟೂ ಸರಿಯಾಗಿತ್ತು.

ಆಮೇಲೆ ದಡದಲ್ಲಿ ಎಲ್ಲರೂ ನೀರಿಗಿಳಿದರು. ಜಯಸಿಂಹರ ಹೆಂಡತಿ "ಬನ್ನಿ, ಕಾಲಾದ್ರೂ ನೆನೆಸ್ಕೊಳ್ಳಿ" ಎಂದು ಕರೆದರು. ಇವತ್ತು ಪರ್ವದ ದಿನವಲ್ಲ, ಅಮಾವಾಸ್ಯೆ ಹುಣ್ಣಿಮೆ ಬಿಟ್ಟು ಸಮುದ್ರ ಮುಟ್ಟಬಾರದು ಎಂದೆ. ಅದು ನಿಜವೇ. ಆದರೆ ಇವತ್ತಿನ ನಿಜ ಬೇರೆ. ಆ ನೀರಿನ ಹತ್ತಿರ ಹೋಗಲು ನನಗೆ ಮುಖ ಇರಲಿಲ್ಲ.

ಇವರು ವ್ಯಾನಿನಲ್ಲೇ ಕೂತಿದ್ದರು. ಪಕ್ಕದಲ್ಲಿ ಹೋಗಿ ಕೂತೆ. ಸಮುದ್ರ ಹೇಗಿತ್ತು ಎಂದು ಕೇಳುತ್ತಾರೆಂದು ಕಾದೆ.

"ಇನ್ಮೇಲೆ ರಸ್ತೆ ನೋಡು" ಎಂದರು.

೨೯ ಏಪ್ರಿಲ್, ಶುಕ್ರವಾರ
ಯಲಹಂಕ

ಮನೆಗೆ ಬಂದು ಐದು ದಿನ. ಜಪ ಸಾಗುತ್ತಿಲ್ಲ. ಮಣಿ ಹಿಡಿದು ಗೋವಿಂದ ಎಂದರೆ ಕಣ್ಣ ಮುಂದೆ ಶಿರಾಡಿಯ ಎಡ ತಿರುವು ಬರುತ್ತದೆ, ಅಲ್ಲಿ ಸುಣ್ಣ ಹೊಡೆದ ಕಲ್ಲು, ಕಲ್ಲಿನ ಮೇಲೆ ನಂಬರು. ನಾರಾಯಣ ಎಂದರೆ ಸೇತುವೆ ಕಳೆದ ಮೇಲಿನ ಬಲ ತಿರುವು, ಅಲ್ಲಿ ರಸ್ತೆ ಒಳಕ್ಕೆ ವಾಲಿಕೊಂಡಿದೆ, ಎರಡನೇ ಗೇರಿಗೆ ಇಳಿಯಬೇಕು. ದೇವರ ಮುಖ ಬರುವುದೇ ಇಲ್ಲ. ನೂರೆಂಟು ಹೇಳಿ ಮುಗಿಸುವಷ್ಟರಲ್ಲಿ ಘಾಟಿ ಇಳಿದಿರುತ್ತೇನೆ.

ಪಕ್ಕದ ಮನೆಯ ಸೊಣ್ಣಮ್ಮ ಬೇಲಿ ಆಚೆಯಿಂದ "ಪುಣ್ಯವಂತೆ ಕಣಮ್ಮ ನೀನು, ಗಂಡನ್ ಪಕ್ಕ ಕೂತ್ಕಂಡು ಊರೂರು ನೋಡ್ತೀಯ" ಎಂದಳು. ಹೌದು ಎಂದೆ.

ಮಕ್ಕಳಿದ್ದಿದ್ದರೆ ಒಬ್ಬರಿಗಾದರೂ ಅರ್ಥವಾಗುತ್ತಿತ್ತೇನೋ. ಮನೆಯಲ್ಲಿ ಇಬ್ಬರಿದ್ದೇವೆ, ಮಾತು ರಸ್ತೆಯಲ್ಲಿ ಮಾತ್ರ.

೫ ಮೇ, ಗುರುವಾರ

ಎರಡು ಪ್ರಯಾಣ ಆಯಿತು. ಏನೂ ಆಗಲಿಲ್ಲ. ಅದನ್ನೇ ಬರೆಯುತ್ತಿದ್ದೇನೆ, ಏನೂ ಆಗಲಿಲ್ಲ.

೧೨ ಮೇ, ಗುರುವಾರ, ಅಮಾವಾಸ್ಯೆ
ಮಲ್ಪೆ

ಇವತ್ತು ಸಮುದ್ರ ಮುಟ್ಟಬಹುದಾದ ದಿನ. ಪ್ರಯಾಣಿಕರು ಆರ್.ಟಿ. ನಗರದವರು, ಸತ್ಯವತಿ ಎಂಬ ನಿವೃತ್ತ ಮೇಡಂ ಮತ್ತು ಅವರ ಮಕ್ಕಳು ಮೊಮ್ಮಕ್ಕಳು. ಅವರು ದೈವಭಕ್ತರು, ಬಂದ ದಿನದಿಂದ ನನ್ನನ್ನು ಬಹಳ ಮೆಚ್ಚಿಕೊಂಡಿದ್ದಾರೆ. ಅದೇ ಕಷ್ಟ.

ಮಧ್ಯಾಹ್ನ ಎಲ್ಲರೂ ಅತ್ತ ಹೋದ ಮೇಲೆ ಇವರನ್ನು ಕರೆದೆ. "ಬನ್ನಿ, ಪರ್ವ ಇದೆ, ಒಂದು ಮುಳುಗು ಹಾಕಿ. ಕಣ್ಣಿಗೆ ಒಳ್ಳೇದಾಗಲಿ." ಕೈ ಹಿಡಿಯಲು ಹೋದೆ, ಕೊಡವಿಕೊಂಡರು. ಒಬ್ಬರೇ ಮುಂದೆ ನಡೆದರು. ಒದ್ದೆ ಮರಳು ಕಾಲಿಗೆ ಸಿಕ್ಕ ಕೂಡಲೇ ಕಡಲು ಇಲ್ಲೇ ಎಂದುಕೊಂಡು ನಿಂತು, ಕೈ ಮುಗಿದರು. ಕಡಲು ಅವರ ಬಲಗಡೆಗಿತ್ತು. ಮುಗಿದಿದ್ದು ಒಣಗಲು ಹಾಕಿದ ಬಲೆಗಳ ಸಾಲಿಗೆ.

ಕೂಗುವಷ್ಟರಲ್ಲಿ ಪಕ್ಕದಿಂದ ಅಲೆ ಬಂದು ಹೊಡೆಯಿತು. ಬಿದ್ದರು. ಸೊಂಟದಷ್ಟು ಎತ್ತರದ ಅಲೆ, ಬಿಳೀ ನೊರೆ, ಅಷ್ಟು ಸದ್ದು. ಅದು ಕಾಣಲಿಲ್ಲ.

ಎಬ್ಬಿಸಿದೆ. ಬಾಯೊಳಗೆಲ್ಲ ಮರಳು. "ಕಾಲ್ ಜಾರ್ತು" ಎಂದರು.

ನಾನು ನೀರು ಮುಟ್ಟಲು ಮರೆತೆ. ಈಗ ಬರೆಯುವಾಗ ನೆನಪಾಗುತ್ತಿದೆ.

ಹೊಗೆ ಎಂದಿದ್ದರು. ಇದು ಹೊಗೆಯಲ್ಲ. ನಾಳೆ ಚಾರ್ಮಾಡಿ ಘಾಟಿ ಹತ್ತಬೇಕು. ಬೆಳಗಿನ ಹೊತ್ತು, ಸೂರ್ಯ ಎದುರಿಗೇ ಇರುತ್ತಾನೆ.

೧೩ ಮೇ, ಶುಕ್ರವಾರ

ಹಾಸನದ ಛತ್ರದಲ್ಲಿದ್ದೇವೆ.

ಮಧ್ಯಾಹ್ನ ಹೊರಡೋಣ ಎಂದು ಬೆಳಿಗ್ಗೆ ಇವರಿಗೆ ಮೂರು ಸಲ ಹೇಳಿದೆ. ಕೇಳಲಿಲ್ಲ. ಘಾಟಿಯ ಮೂರನೇ ತಿರುವಿನವರೆಗೆ ಎಲ್ಲ ಸರಿಯಾಗಿತ್ತು. ಆಗ ಹಿಂದಿನಿಂದ ಸತ್ಯವತಿ ಮೇಡಂ, "ಕೆಂಪಮ್ಮನೋರು ಒಬ್ಬರೇ ಎಷ್ಟು ಅಂತ ನಾಮ ಹೇಳ್ತಾರೆ, ನಾವೂ ಹೇಳೋಣ ಬನ್ರೋ" ಎಂದರು.

"ಬೇಡಿ ಮೇಡಂ" ಎಂದೆ.

"ಅದ್ಯಾಕ್ರೀ ಬೇಡ? ಪುಣ್ಯ ಎಲ್ಲಾ ನೀವೊಬ್ರೇ ತಗೋತೀರಾ?"

ಎಲ್ಲರೂ ನಗುತ್ತಾ ಶುರು ಮಾಡಿಬಿಟ್ಟರು. ಗೋವಿಂದ, ನಾರಾಯಣ, ಚಪ್ಪಾಳೆ, ಮಕ್ಕಳ ಗಂಟಲು. ಇವರ ಕೈ ಸ್ಟೇರಿಂಗಿನ ಮೇಲೆ ಅತ್ತ ಇತ್ತ ನಡುಗಿತು. ನಾನು ಕೂಗಿ ಹೇಳುತ್ತಿದ್ದೆ, ಹದಿಮೂರು ಬಾಯಲ್ಲಿ ನನ್ನದೂ ಒಂದಾಗಿತ್ತು. ಮುಂದೆ ಬಲ ತಿರುವು. ಎಡಗಡೆಗೆ ಕಣಿವೆ. ಸೂರ್ಯ ಗಾಜಿನ ತುಂಬಾ. ನಾನು ನಾರಾಯಣ ಎಂದೆ, ವ್ಯಾನೆಲ್ಲ ಗೋವಿಂದ ಎಂದಿತು. ಇವರು ಎಡಕ್ಕೆ ತಿರುಗಿಸಿದರು.

ಆಗ ನನ್ನ ಬಾಯಿಂದ ದೇವರ ಹೆಸರು ಬರಲಿಲ್ಲ. ಇವರ ಹೆಸರು ಬಂತು. ಮದುವೆಯಾಗಿ ಮೂವತ್ತೆರಡು ವರ್ಷ, ಒಂದು ದಿನವೂ ಆ ಹೆಸರನ್ನು ನಾನು ನಾಲಗೆ ಮೇಲೆ ತಂದವಳಲ್ಲ. ಓಟಿನ ಪಟ್ಟಿ ಬರೆಯುವವರು ಬಂದಾಗಲೂ ಸೊಣ್ಣಮ್ಮನ ಕೈಲಿ ಹೇಳಿಸಿದವಳು. ಕಿರುಚಿದೆ. ಇಪ್ಪತ್ತಾರು ವರ್ಷದ ಡ್ರೈವರ್ ಕಾಲು ಬ್ರೇಕಿನ ಮೇಲೆ ಎದ್ದು ನಿಂತಿತು.

ಮುಂದಿನ ಎಡಗಾಲಿ ಅಂಚಿನ ಕಲ್ಲಿಗೆ ತಾಗಿ ನಿಂತಿತ್ತು. ಒಂದು ಕಲ್ಲು ಉರುಳಿತು. ಅದು ಕೆಳಗೆ ಬಿದ್ದ ಸದ್ದಿಗೆ ಕಾದೆ, ಕೇಳಲಿಲ್ಲ.

"ಬ್ರೇಕ್ ವಸಿ ಇಡ್ಕಂತು" ಎಂದರು ಇವರು. ಮುಖ ಬೂದಿಯಾಗಿತ್ತು.

ಯಾರೂ ಮಾತಾಡಬೇಡಿ ಎಂದು ಹಿಂದಕ್ಕೆ ತಿರುಗಿ ಹೇಳಿದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು. ಹಿಂದಕ್ಕೆ ತೆಗೆಸಿ, ಅಲ್ಲಿಂದ ಘಾಟಿಯ ತಲೆಯವರೆಗೆ ಎಡಕ್ಕೆ, ಬಲಕ್ಕೆ, ಲಾರಿ, ನಿಲ್ಲಿಸಿ, ಹೋಗಿ ಎಂದು ಬಾಯಿಬಿಟ್ಟು ಹೇಳಿಕೊಂಡು ಬಂದೆ. ಹಿಂದೆ ಒಂದು ಮಗು ಕೂಡ ಕೆಮ್ಮಲಿಲ್ಲ.

೧೪ ಮೇ, ಶನಿವಾರ
ಯಲಹಂಕ

ಆರ್.ಟಿ. ನಗರದಲ್ಲಿ ಇಳಿಯುವಾಗ ಸತ್ಯವತಿ ಮೇಡಂ ನನ್ನನ್ನು ಪಕ್ಕಕ್ಕೆ ಕರೆದರು.

"ನಿಮ್ಮ ಯಜಮಾನರಿಗೆ ಕಣ್ಣು..."

"ಕೇಳಬೇಡಿ ಮೇಡಂ. ದೀಪದ ಮೇಲೆ ಕೈಯಿಟ್ಟಿದ್ದೀನಿ."

"ಸರಿ, ಕೇಳಲ್ಲ. ಮುಂದಿನ ವಾರ ನನ್ನ ತಂಗಿ ಮಕ್ಕಳು ಇದೇ ವ್ಯಾನಲ್ಲಿ ಹೋಗ್ತಿದ್ದಾರೆ. ಅವರು ಬೇಡ ಅಂತ ಅಂದ್ರೆ ಬೇರೆ ಯಾರ ಮಕ್ಕಳೋ ಹೋಗ್ತಾರೆ. ನೀವು ನನಗಿಂತ ದೊಡ್ಡ ಭಕ್ತರು, ನಾನೇನು ಹೇಳಲಿ?"

ಅವರು ಬೈದಿದ್ದರೆ ಚೆನ್ನಾಗಿತ್ತು.

೧೬ ಮೇ, ಸೋಮವಾರ

ಬೆಳಿಗ್ಗೆ ಎದ್ದು ತಲೆಗೆ ಸ್ನಾನ ಮಾಡಿ ಅರಿಶಿನದ ಬಟ್ಟೆಯಲ್ಲಿ ಒಂದು ಬೆಳ್ಳಿ ರೂಪಾಯಿ ಕಟ್ಟಿದೆ. ತಪ್ಪು ಕಾಣಿಕೆ. ತಪ್ಪು ಆದ ಮೇಲೆ ಕಟ್ಟುವುದು ರೂಢಿ. ನಾನು ತಪ್ಪು ಮಾಡುವ ಮೊದಲೇ ಕಟ್ಟಿ ದೇವರ ಮುಂದೆ ಇಟ್ಟೆ. ನಿನ್ನ ದೀಪದ ಆಣೆ ಮುರಿಯಲು ಹೊರಟಿದ್ದೇನೆ, ಶಿಕ್ಷೆ ಏನಿದ್ದರೂ ನನಗೆ ಕೊಡು, ವ್ಯಾನಿಗೆ ಕೊಡಬೇಡ ಎಂದೆ. ಇಷ್ಟು ದಿನದಲ್ಲಿ ಅದೊಂದೇ ನೆಟ್ಟಗೆ ಮಾಡಿದ ಪ್ರಾರ್ಥನೆ.

ಸೊಪ್ಪು ತರುತ್ತೇನೆಂದು ಇವರಿಗೆ ಹೇಳಿ ಬಸ್ಸು ಹತ್ತಿದೆ. ಹೆಬ್ಬಾಳದ ಹತ್ತಿರ ಡ್ರೈವರ್ ಗೇರು ತಡವಾಗಿ ಇಳಿಸಿದ. ಹೇಳೋಣವೆನಿಸಿತು, ಸುಮ್ಮನಾದೆ.

ಖಾದರ್ ಬಾಷಾ ಸಾಹೇಬರು ಮನೆ ಮುಂದೆ ವ್ಯಾನು ತೊಳೆಸುತ್ತಿದ್ದರು. ಅವರ ಹೆಂಡತಿ ಸಬೀರಾ ಒಳಗೆ ಕರೆದು ನೀರು ಕೊಟ್ಟರು. ಕುಡಿಯದೆ ಹೇಳಿದೆ. ಎಲ್ಲ ಹೇಳಿದೆ. ತಟ್ಟೆ, ನಾಮ, ಬುಟ್ಟಿ ಹೊತ್ತ ಹೆಂಗಸು, ಅಲೆ, ಕಲ್ಲು.

ಸಾಹೇಬರು ಎದ್ದು ನಿಂತರು. "ಯಾ ಅಲ್ಲಾ! ಯುಗಾದಿಯಿಂದಾನಾ? ಎರಡು ವಾರದ ಹಿಂದೆ ನನ್ನ ತಂಗಿ ಮಕ್ಕಳು ಹೋಗಿದ್ರು ಅಮ್ಮಾ ಆ ಗಾಡೀಲಿ. ನಾಲ್ಕು ಮಕ್ಕಳು! ಪಕ್ಕದಲ್ಲಿ ಕೂತ್ಕೊಂಡು ಗೋವಿಂದಾ ಅಂತಿದ್ರಾ ನೀವು?"

"ಅಂತಿದ್ದೆ."

"ಹೇಳೋಕೆ ಬಾಯಿ ಬರ್ಲಿಲ್ವಾ?"

"ಈಗ ಬಂತು ಸಾಹೇಬ್ರೇ."

ಬಹಳ ಹೊತ್ತು ಅಂಗಳದಲ್ಲಿ ಅತ್ತಿಂದಿತ್ತ ಓಡಾಡಿದರು. ಸಬೀರಾ ಅವರ ಭಾಷೆಯಲ್ಲಿ ಏನೋ ಅಂದರು. ಆಮೇಲೆ ದನಿ ಇಳಿಯಿತು. "ನಿಮ್ಮ ಯಜಮಾನ್ರು ನನಗೆ ಅಣ್ಣ ಇದ್ದಂಗೆ, ಗಾಡಿ ಕಲಿಸಿದ್ದೇ ಅವ್ರು. ಸಾಯಂಕಾಲ ಬಂದು ಕೀ ಇಸ್ಕೋತೀನಿ. ಆಸ್ಪತ್ರೆಗೂ ನಾನೇ ಕರ್ಕೊಂಡ್ ಹೋಗ್ತೀನಿ. ಬೈತಾರೆ, ಬೈಲಿ."

ಸಂಜೆ ಬಂದರು. ಇವರು ಬೈಯಲಿಲ್ಲ. ಕೀ ಕೊಟ್ಟರು. ಸಾಹೇಬರು ಹೋದ ಮೇಲೆ ನನ್ನ ಕಡೆ ತಿರುಗಿ, ಅಂದರೆ ನಾನಿದ್ದೇನೆ ಎಂದುಕೊಂಡ ಕಡೆ ತಿರುಗಿ ಕೇಳಿದರು.

"ದೀಪದ ಮ್ಯಾಲೆ ಇಟ್ಟಿದ್ದು ಇದೇ ಕೈಯೇನೆ?"

"ಇದೇ ಕೈ" ಎಂದೆ.

ಅದೇ ಕೊನೆಯ ಮಾತು.

೨೫ ಮೇ, ಬುಧವಾರ, ನರಸಿಂಹ ಜಯಂತಿ

ಪಾನಕ ಮಾಡಿದೆ. ಲೋಟ ಇವರ ಕೈಗೆ ಮುಟ್ಟಿಸಿದೆ. ಕುಡಿದರು. ಮಾತಿಲ್ಲ. ಒಂಬತ್ತು ದಿನ.

ಆ ಹೆಸರನ್ನು ಜಪದಲ್ಲಿ ಹೇಳಲು ಇನ್ನೂ ಭಯ. ಹೇಳಿದರೆ ಏನೋ ಎದುರಿಗೆ ಬರುತ್ತದೆ ಎನಿಸುತ್ತದೆ.

೨ ಜೂನ್, ಗುರುವಾರ

ಇವರು ಬಾಗಿಲ ಹೊಸ್ತಿಲಲ್ಲಿ ಕೂತು ದಾರಿಯಲ್ಲಿ ಹೋಗುವ ವಾಹನಗಳನ್ನು ಕೇಳುತ್ತಾರೆ. ಮಾತಿಲ್ಲ. ಇವತ್ತು ಬೆಳಿಗ್ಗೆ ತಿಂಡಿ ಹಾಕಿದ ತಟ್ಟೆಯನ್ನು ಎರಡು ಕೈಯಲ್ಲಿ ಹಿಡಿದು ಸುಮ್ಮನೆ ಕೂತಿದ್ದರು. ನಾನು ಒಳಗೆ ಹೋಗಿಬಿಟ್ಟೆ.

೧೬ ಜೂನ್, ಗುರುವಾರ
ಆಸ್ಪತ್ರೆ

ಸಾಹೇಬರು ಹೇಳಿದ ಹಾಗೇ ಕರೆತಂದರು, ಇವರು ಬೇಡ ಎನ್ನಲಿಲ್ಲ. ನಿನ್ನೆ ಆಪರೇಷನ್ ಆಯಿತು, ಮೊದಲು ಬಲಗಣ್ಣು. ಎರಡೂ ಕಣ್ಣಿಗೆ ಪಟ್ಟಿ ಕಟ್ಟಿದ್ದಾರೆ. ತಲೆ ಅಲ್ಲಾಡಬಾರದೆಂದು ಎರಡು ಕಡೆಗೂ ಮರಳಿನ ಚೀಲ ಇಟ್ಟಿದ್ದಾರೆ. ಕಾಣುತ್ತದೋ ಇಲ್ಲವೋ ಪಟ್ಟಿ ಬಿಚ್ಚಿದ ಮೇಲೆ ಗೊತ್ತಾಗುತ್ತದಂತೆ.

ಮೊನ್ನೆ ಸೇರಿಸುವಾಗ ಗುಮಾಸ್ತ, "ಯಜಮಾನ್ರ ಹೆಸರೇನಮ್ಮಾ?" ಎಂದ. ಬ್ಯಾಟರಾಯಪ್ಪ ಎಂದೆ. ವಯಸ್ಸು ಕೇಳಿದ, ಐವತ್ತೇಳು ಎಂದೆ. ಕೆಲಸ ಕೇಳಿದ. ಡ್ರೈವರ್ ಎಂದೆ. ಸಾಹೇಬರು ಪಕ್ಕದಲ್ಲಿ ತಲೆ ತಗ್ಗಿಸಿ ನಿಂತಿದ್ದರು.

ಇವತ್ತು ಬೆಳಿಗ್ಗೆ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತಿದ್ದೆ. ಮಾತಿಲ್ಲದೆ ಮೂವತ್ತೊಂದು ದಿನ. ಅಲ್ಲಿ ಬೇರೇನೂ ಮಾಡುವುದಕ್ಕಿರಲಿಲ್ಲ, ಮಣಿ ತೆಗೆದು ಮೆಲ್ಲಗೆ ಗೋವಿಂದ ಎಂದೆ.

ಹೊದಿಕೆಯ ಮೇಲಿದ್ದ ಇವರ ಎರಡು ಕೈ ಸ್ವಲ್ಪ ಎಡಕ್ಕೆ ತಿರುಗಿದವು.

ನಿದ್ದೆಯಲ್ಲಿರಬಹುದು ಎಂದುಕೊಂಡೆ. ನಾರಾಯಣ ಎಂದೆ. ಬಲಕ್ಕೆ ತಿರುಗಿದವು. ಬೆರಳು ಮಡಚಿ ಸ್ಟೇರಿಂಗ್ ಹಿಡಿದ ಹಾಗೇ ಇತ್ತು.

ಮೂರನೆಯದು ಹೇಳಲು ಬಾಯಿ ಬರಲಿಲ್ಲ. ಮಣಿ ಮಡಿಲಲ್ಲಿಟ್ಟು ಸುಮ್ಮನೆ ಕೂತೆ. ಕೈಗಳು ನಿಂತವು. ಸ್ವಲ್ಪ ಹೊತ್ತಿಗೆ ತುಟಿ ಅಲ್ಲಾಡಿತು.

"ಯಾಕೆ ಸುಮ್ಕಾದೆ?"

"ರಸ್ತೆ ನೇರವಾಗಿದೆ" ಎಂದೆ.

ನರ್ಸ್ ಬಂದು ಪಕ್ಕದ ಮಂಚದವರಿಗೆ ಮಾತ್ರೆ ಕೊಟ್ಟು ಹೋದರು.

"ಮರವಂತೆಯೇನೆ?"

"ಹೂಂ."

"ಸಮುದ್ರ ಯಾವ್ ಕಡೀಗೈತೆ?"

"ಎಡಗಡೆಗೆ."

"ಯೋಳು" ಎಂದರು.

ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡೆ. ನೀರು ಹೇಗಿತ್ತು, ದೂರಕ್ಕೆ ಹೋದ ಹಾಗೆ ಬಣ್ಣ ಹೇಗೆ ಬೇರೆಯಾಯಿತು, ಅಲೆ ಬಂದು ಒಡೆಯುವ ಮುಂಚೆ ಹೇಗೆ ಒಂದು ಗಳಿಗೆ ಗಾಜಿನ ಹಾಗೆ ನಿಲ್ಲುತ್ತದೆ, ಎಲ್ಲ ಹೇಳಿದೆ. ಆ ಬುಟ್ಟಿ ಹೊತ್ತ ಹೆಂಗಸು ರಸ್ತೆ ದಾಟಿಕೊಂಡು ಆಚೆಗೆ ಹೋಗುವವರೆಗೂ ಹೇಳಿದೆ.